ಎಪ್ಪತ್ತೆರಡು ಗಂಟೆ

ಕಾಗದ ಬರೆದವನು ನಾನೇ.
ತಾಂಪೆರೆ ನಗರಸಭೆ, ಯುವಜನ ವಿಭಾಗ, ಎರಡನೇ ಮಹಡಿ,
ಕಿಟಕಿಯಾಚೆ ಹತ್ತಿಗಿರಣಿಯ ಹೊಗೆಕೊಳವೆ,
ಹೊಗೆಯನ್ನು ಮರೆತು ಎಷ್ಟೋ ಕಾಲವಾದದ್ದು.
“ಮಾನ್ಯರೇ, ಬಾಂಬ್ ಆಸರೆಯ ನೆಲಮಾಳಿಗೆಯನ್ನು
ಎಪ್ಪತ್ತೆರಡು ಗಂಟೆಯೊಳಗೆ ತೆರವು ಮಾಡತಕ್ಕದ್ದು.”
ಮಾನ್ಯರು ಯಾರೆಂದರೆ
ಹದಿನಾರರ ಇಲ್ತಾ, ಡ್ರಮ್ಸು;
ಲಿಬಾನ್, ಮಾತನ್ನು ಕಲ್ಲು ಮಾಡಿ ಬೀಸುವವನು;
ತುಯಿಸ್ಕು, ಹಲ್ಲಿಗೆಲ್ಲ ತಂತಿ, ಗಿಟಾರಿಗೆ ಮೂರೇ ತಂತಿ.

ಪಕ್ಕದ ದೇಶ ತನ್ನ ಪಕ್ಕದ ದೇಶದ ಮೇಲೆ ಬಿದ್ದಾಗಿನಿಂದ
ನಮ್ಮೂರಿನ ನೆಲಮಾಳಿಗೆಗಳಿಗೆಲ್ಲ
ತಮ್ಮ ಹಳೆಯ ಹೆಸರು ನೆನಪಾಗಿಬಿಟ್ಟಿದೆ.

ನನಗೂ ಒಂದು ಕಾಲವಿತ್ತು, ನಂಬಿ.
ಎಂಬತ್ತೊಂದರ ಚಳಿಗಾಲ. ಕಿವಿಗೆ ಪಿನ್ನು,
ಸಕ್ಕರೆನೀರು ಹಚ್ಚಿ ನೆಟ್ಟಗೆ ನಿಲ್ಲಿಸಿದ ಕೂದಲು.
ಪಾಳುಬಿದ್ದ ಚರ್ಮದ ಕಾರ್ಖಾನೆಗೆ ನುಗ್ಗಿ
ಹನ್ನೊಂದು ರಾತ್ರಿ ಕೂತೆವು.
ಬರುತ್ತಿದ್ದದ್ದು ಎರಡೇ ಸ್ವರ,
ಎರಡನ್ನೂ ಜೋರಾಗಿ ಬಾರಿಸಿದೆವು.
ಹನ್ನೆರಡನೇ ಬೆಳಿಗ್ಗೆ ನಗರಸಭೆಯವನೊಬ್ಬ
ಲಾಠಿಯ ಬದಲು ಬೀಗದಕೈ ತಂದ:
“ಹೆರ್ವಂತಾದಲ್ಲಿ, ವಸತಿಗೃಹಗಳ ಅಡಿಯಲ್ಲಿ, ಕೋಣೆಗಳಿವೆ.
ಗೋಡೆ ನಲವತ್ತು ಸೆಂಟಿಮೀಟರು.
ಎಷ್ಟು ಬೇಕೋ ಅಷ್ಟು ಅರಚಿಕೊಳ್ಳಿ.”
ಗೆದ್ದೆವೆಂದು ಕುಣಿದೆವು.
ಯಾರಿಗೂ ಕೇಳಿಸದ ಜಾಗ ಕೊಡುವುದಕ್ಕೆ
ಸಂಸ್ಕೃತಿ ನೀತಿ ಎನ್ನುತ್ತಾರೆಂದು ತಿಳಿಯಲು
ಅದೇ ಕಚೇರಿಯಲ್ಲಿ ನಾನು ನೌಕರಿಗೆ ಸೇರಬೇಕಾಯ್ತು.

ಆದರೂ ಆ ಬೀಗದಕೈಯನ್ನು ಬೈಯಲಾರೆ.
ಒಂದಿಡೀ ನವೆಂಬರು ಅದು ನನ್ನನ್ನು ಬದುಕಿಸಿದೆ.

ಮೂರನೇ ಸಂಜೆ ಇಳಿದುಹೋದೆ, ಕಂಕುಳಲ್ಲಿ ತಪಾಸಣೆ ಪಟ್ಟಿ.
ಉಕ್ಕಿನ ಬಾಗಿಲು. ಮೊಟ್ಟೆಯ ಟ್ರೇ ಕಿತ್ತ ಗೋಡೆಯ ತುಂಬ ಅಂಟಿನ ಕಲೆ,
ಬೆವರು, ಒದ್ದೆ ಉಣ್ಣೆ,
ಯಾರೋ ಅರ್ಧ ತಿಂದಿಟ್ಟ ಮೀನಿನ ಬ್ರೆಡ್ಡು.
ಲಿಬಾನ್ ಕೇಬಲ್ಲನ್ನು ಮೊಳಕೈಗೆ ಸುತ್ತುತ್ತಿದ್ದ.
“ಮೊಗದಿಶುವಿನಲ್ಲಿ ನಮ್ಮಮ್ಮನಿಗೆ
ಇಂಥ ಕಾಗದವೇನೂ ಬಂದಿರಲಿಲ್ಲ,” ಎಂದ,
“ನೇರ ಬಾಂಬೇ ಬಂತು.”
ನಕ್ಕ. ನಾನೂ ನಗಬೇಕಿತ್ತೇನೋ.

ಇಲ್ತಾ ಕೇಳಿದಳು, “ಇಲ್ಲಿ ಎಷ್ಟು ಜನ ಹಿಡಿಸ್ತಾರೆ?”
ನೂರ ಇಪ್ಪತ್ತು. ತಲೆಗೆ ಮುಕ್ಕಾಲು ಚದರ ಮೀಟರು.
ಡ್ರಮ್ಮು ನಿಂತಿದ್ದ ಜಾಗವನ್ನು ಹೆಜ್ಜೆಯಲ್ಲಿ ಅಳೆದಳು,
ತುಟಿಯಲ್ಲೇ ಭಾಗಿಸಿದಳು.
“ಹಾಗಾದರೆ ನನ್ನ ಡ್ರಮ್ಮು ನಾಲ್ಕು ಜನ.”
ತುಸು ಹೊತ್ತು ಬಿಟ್ಟು,
“ಯಾವ ನಾಲ್ಕು?”
ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮೇಲೆ ಹಿಮ. ಅಂಗಡಿಯಿಂದ ಎಗರಿಸಿದ ತಳ್ಳುಗಾಡಿಯಲ್ಲಿ
ಆಂಪ್ಲಿಫೈಯರಿಗೆ ಕಂಬಳಿ ಹೊದಿಸಿ ಮಲಗಿಸಿದರು.
ಬಸ್ ನಿಲ್ದಾಣದ ಗಾಜಿನೊಳಗೆ ನಮ್ಮದೇ ಭಿತ್ತಿಪತ್ರ:
‘ನಾದದ ನಗರ’,
ಗಿಟಾರು ಹಿಡಿದ ಬಾಡಿಗೆ ಹುಡುಗಿ, ಬೆರಳೆಲ್ಲ ತಪ್ಪು ಜಾಗದಲ್ಲಿ.
ಗಾಜಿನ ಮೇಲೆ ತುಯಿಸ್ಕು ಪೆನ್ನಿನಿಂದ
ಅವಳ ಹಲ್ಲಿಗೆ ತಂತಿ ಕಟ್ಟಿದಳು.
ನಾನು ನೋಡಲಿಲ್ಲ.
ನೋಡದಿರುವುದೂ ನನ್ನ ಹುದ್ದೆಗಿರುವ ಅಧಿಕಾರ.

“ಮುಂದೆಲ್ಲಿ?” ಎಂದು ಕೇಳಿದರು.
ಮುಚ್ಚಿದ ಈಜುಕೊಳಕ್ಕೆ ಅರ್ಜಿ ಹಾಕಿದ್ದೇನೆ. ಉತ್ತರ ಮೇ ತಿಂಗಳಲ್ಲಿ.
ನಾನು ಏಪ್ರಿಲಿಗೆ ನಿವೃತ್ತ. ಅದನ್ನು ಹೇಳಲಿಲ್ಲ.

ಬೀಗ ಹಾಕಲು ಮತ್ತೆ ಇಳಿದಾಗ
ನೀರಿನ ಪೀಪಾಯಿಯ ಮೇಲೆ ಒಂದು ಜೊತೆ ಕೋಲು,
ತುದಿ ನಾರುನಾರು.
ಮರೆತಳೋ, ಬಿಟ್ಟಳೋ.
ಪಟ್ಟಿ ತುಂಬುತ್ತ ಬಂದೆ:
ಒಣ ಶೌಚ ಆರು. ಸ್ಟ್ರೆಚರು ಎರಡು. ಹಾರೆ ಒಂದು.
ಅಯೋಡಿನ್ ಮಾತ್ರೆ, ಡಬ್ಬಿ.
ಕೋಲು, ಒಂದು ಜೊತೆ.
‘ಉದ್ದೇಶ’ ಎಂಬಲ್ಲಿ ಪೆನ್ನು ನಿಂತಿತು.

ಅರವತ್ತು ದಾಟಿದ ಮಣಿಕಟ್ಟು.
ನಾಲ್ಕೆಣಿಸಿ ಪೀಪಾಯಿಗೆ ಬಡಿದೆ,
ಮತ್ತೆ ನಾಲ್ಕು, ಮತ್ತೆ,
ಉಸಿರು ಸಿಕ್ಕಿಕೊಳ್ಳುವವರೆಗೆ.
ಕಿವಿಗೊಟ್ಟು ಕಾದೆ.
ಮೇಲಿನಿಂದ ಯಾರೂ ನೆಲ ಕುಟ್ಟಲಿಲ್ಲ, ಬೈಯಲಿಲ್ಲ.

ಗೋಡೆ, ಎಂದು ಬರೆದೆ: ಸುಸ್ಥಿತಿಯಲ್ಲಿದೆ.